ತುಂಡು ಹಾಕಿದ ಜಾಗ

ಅವರು ರೈಲಿನಿಂದ ಲ್ಯಾಬಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲಿ ಕೂತಿದ್ದೆ ಎಂದೇ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮಾಲೂರು ದಾಟಿದ ಮೇಲೆ ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು, ಅವರು ಒಂದು ಕಿವಿಗೆ ಬೆರಳು ತುರುಕಿಕೊಂಡು ಮಾತಾಡುತ್ತಿದ್ದರು, ಎದುರು ಸೀಟಿನಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು ಎನ್ನುವಷ್ಟು ವಿವರ ನನ್ನ ಬಳಿ ಇದೆ. ಮೊನ್ನೆ ಅವರ ಬಗ್ಗೆ ಬರೆಯಬೇಕೆಂದು ಕೂತು ಹಳೆಯ ಡೈರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ "ಜ್ವರ, ಮನೆಯಲ್ಲೇ" ಎಂದಿದೆ. ಅಂದರೆ ನಾನು ರೈಲಿನಲ್ಲೇ ಇರಲಿಲ್ಲ. ಕಡಲೆಕಾಯಿ ಎಲ್ಲಿಂದ ಬಂತೋ ಗೊತ್ತಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಆಮೇಲೆ ನೆನಪುಗಳು ಒಂದರ ಮೇಲೊಂದು ಬರುತ್ತಿವೆ. ಯಾವುದು ನಾನು ಕಂಡದ್ದು, ಯಾವುದು ಕೇಳಿ ಕೇಳಿ ನನ್ನದಾದದ್ದು ಎಂದು ಬೇರೆ ಮಾಡುವುದು ಕಷ್ಟವಾಗುತ್ತಿದೆ. ಆದರೂ ಬರೆಯುತ್ತೇನೆ.

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಅವರು ನನಗೆ ಹಿರಿಯರು. ನಾನು ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ ಹೊಸದಾಗಿ ಸೇರಿದ್ದೆ. ನನ್ನ ಮನೆ ಕೆ.ಜಿ.ಎಫ್‌ನ ಚಿನ್ನದ ಗಣಿಗಳ ಕಡೆ, ಮಾರಿಕುಪ್ಪಂ ಸ್ಟೇಷನ್ನಿನ ಹತ್ತಿರ. ಅವರದು ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯ ಒಂದು ಊರು. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಗಂಡನ ಮೊಪೆಡ್ಡಿನಲ್ಲಿ ಸ್ಟೇಷನ್ನಿಗೆ ಬಂದು ನಮ್ಮ ರೈಲು ಹತ್ತುತ್ತಿದ್ದರು. ಸೀರೆಯ ಸೆರಗಿನಿಂದ ಸಣ್ಣಗೆ ಹಸುವಿನ ವಾಸನೆ ಬರುತ್ತಿತ್ತು. ಮೊದಲ ವಾರವೇ ಅವರೊಂದು ನಿಯಮ ಮಾಡಿದರು: "ರೈಲ್ನಾಗೆ ಅಕ್ಕ ಅನ್ನು. ಲ್ಯಾಬ್ ಗೇಟ್ ದಾಟಿದ ಮೇಲೆ ಮೇಡಂ. ಅದಲು ಬದಲು ಮಾಡ್ಬೇಡ, ನಂಗೇ ಗಲಿಬಿಲಿ ಆಯ್ತದೆ." ಮಾತೂ ಹಾಗೇ ಬದಲಾಗುತ್ತಿತ್ತು. ಗೇಟಿನಿಂದ ಈಚೆಗೆ 'ಬತ್ತೀನಿ ಕಣೇ', ಆಚೆಗೆ 'ಬರ್ತೀನಿ'.

ನಮ್ಮ ಕೆಲಸ ಶೇಲ್ ಎಂಬ ಕಲ್ಲಿನದು. ಕೆಸರು ಪದರಪದರವಾಗಿ ಕೂತು ಒತ್ತಿ ಗಟ್ಟಿಯಾದ ಕಪ್ಪು ಜೇಡಿಕಲ್ಲು. ಇದು ನಮ್ಮ ಕೋಲಾರದ ಕಡೆ ಸಿಗುವುದಿಲ್ಲ. ದೂರದ ರಾಜ್ಯಗಳಲ್ಲಿ ಆಳವಾಗಿ ಕೊರೆದು ತೆಗೆದ ತುಣುಕುಗಳು ನಮಗೆ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಒಂದು ಕಲ್ಲು ತನ್ನೊಳಗೆ ಎಷ್ಟು ಅನಿಲವನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂದು ಅಳೆದು ಹೇಳುವುದು ಅಕ್ಕನ ವಿಭಾಗ. ಅವರು ಸಹಿ ಮಾಡಿದ ಅಂಕಿಯನ್ನು ನಂಬಿಕೊಂಡು, ಆ ಜಾಗದಲ್ಲಿ ಮುಂದೆ ಕೊರೆಯಬೇಕೋ ಬೇಡವೋ ಎಂದು ಬೇರೆಲ್ಲೋ ಯಾರೋ ತೀರ್ಮಾನ ಮಾಡುತ್ತಿದ್ದರು.

ನನ್ನ ಮೊದಲ ದಿನ ಅವರು ಒಂದು ಚೂರು ಕಲ್ಲನ್ನು ನಾಲಿಗೆಯ ತುದಿಗೆ ಒತ್ತಿ, ಕಣ್ಣು ಮುಚ್ಚಿ, ಎಳೆದು ತೆಗೆದರು. "ಜೇಡಿ ಜಾಸ್ತಿ. ಅಂಟ್ಕೊಳ್ತಾ ಇದೆ." ಯಂತ್ರ ಅದನ್ನೇ ಹೇಳಲು ಎರಡು ದಿನ ತೆಗೆದುಕೊಂಡಿತು. ಒಮ್ಮೊಮ್ಮೆ ಅವರ ಊಹೆ ತಪ್ಪಾಗುತ್ತಿತ್ತು. ಆಗ ಅವರಿಗೆ ಇನ್ನೂ ಖುಷಿ. ಆ ಚೂರನ್ನು ಮತ್ತೆ ನಾಲಿಗೆಗೆ ಇಟ್ಟು "ಯಾಕೆ ಸುಳ್ಳು ಹೇಳಿದೆ?" ಎಂದು ಕಲ್ಲನ್ನೇ ಕೇಳುತ್ತಿದ್ದರು.

"ಅನಿಲ ಕಲ್ಲಿನೊಳಗೆ ಎರಡು ಥರ ಇರುತ್ತೆ" ಎಂದು ಅವರು ನನಗೆ ಪಾಠ ಮಾಡಿದ್ದು ಲ್ಯಾಬಿನಲ್ಲಲ್ಲ, ರೈಲಿನಲ್ಲಿ. ತೂತುಗಳ ನಡುವೆ ಸುಮ್ಮನೆ ಓಡಾಡಿಕೊಂಡಿರುವುದು ಒಂದು. ತೂತಿನ ಗೋಡೆಗೆ ಅಂಟಿಕೊಂಡಿರುವುದು ಇನ್ನೊಂದು. "ಇಲ್ನೋಡು. ನಡುವೆ ನಿಂತವ್ರೆ, ಅವ್ರು ಮೊದಲನೇ ಥರ. ಬಾಗ್ಲು ತೆಗೆದ ತಕ್ಷಣ ಇಳಿದು ಓಡ್ತಾರೆ. ಸೀಟಿಗೆ, ಗೋಡೆಗೆ ಒರಗಿರೋರು ಎರಡನೇ ಥರ. ಒತ್ತಡ ಪೂರ್ತಿ ಇಳಿಯೋವರೆಗೂ ಏಳಲ್ಲ."

ಆಮೇಲೆ ಅದು ನಮ್ಮಿಬ್ಬರ ಆಟವಾಯಿತು. ವೈಟ್‌ಫೀಲ್ಡಿನಲ್ಲಿ ಜನ ನುಗ್ಗಿದರೆ ಅವರು ನನ್ನನ್ನು ಮೊಣಕೈಯಿಂದ ತಿವಿಯುವರು: ಒತ್ತಡ ಏರಿತು, ಮೊದಲು ಗೋಡೆ ತುಂಬಿತು, ಆಮೇಲೆ ಎಷ್ಟು ಜನ ಹತ್ತಿದರೂ ಗೋಡೆ ಬೆಳೆಯುವುದಿಲ್ಲ. ಬೇಸಿಗೆಯಲ್ಲಿ ಯಾರೂ ಯಾರಿಗೂ ಮೈ ತಗುಲಿಸಿ ಕೂರುವುದಿಲ್ಲ. ಕಲ್ಲು ಬಿಸಿಯಾದಷ್ಟೂ ಅನಿಲವೂ ಗೋಡೆ ಬಿಡುತ್ತದೆ. "ಆಳಕ್ಕೆ ಓದಂಗೆಲ್ಲ ಒತ್ತಡಾನೂ ಏರುತ್ತೆ, ಬಿಸೀನೂ ಏರುತ್ತೆ. ಒಂದು ಇಡ್ಕೋ ಅಂತದೆ, ಇನ್ನೊಂದು ಬಿಟ್ಬಿಡು ಅಂತದೆ. ಸೊಸೆ ಅತ್ತೆ ಇಬ್ರೂ ಒಂದೇ ಒಲೆ ಮುಂದೆ ನಿಂತಂಗೆ." ನಮ್ಮ ಗಣಿ ಲೈನಿನ ಸಾಲುಮನೆಗಳ ಮಾತು ಬಂದಾಗಲೂ ಅದೇ: ದೊಡ್ಡ ಹಾಲ್ ಒಂದಕ್ಕಿಂತ ಸಣ್ಣ ಸಣ್ಣ ಕೋಣೆಗಳು ಹತ್ತಾರು ಇದ್ದರೆ ಗೋಡೆ ಹೆಚ್ಚು, ಸಣ್ಣ ತೂತುಗಳ ಕಲ್ಲು ಅದಕ್ಕೇ ಹೆಚ್ಚು ಹಿಡಿಯುತ್ತದೆ. ಆ ಸಣ್ಣ ತೂತುಗಳು ಬಹುಪಾಲು ಇರುವುದು ಕಲ್ಲಿನೊಳಗಿನ ಕರಿಯಲ್ಲಿ. ಕರಿ ಎಂದರೆ ಕೆಸರಿನ ಜೊತೆ ಹೂತುಹೋದ ಹಳೆಯ ಜೀವಿಗಳ ಉಳಿಕೆ. ಹಸಿ ಕರಿಯಲ್ಲಿ ತೂತು ಕಡಿಮೆ, ಭೂಮಿಯ ಶಾಖದಲ್ಲಿ ಬೆಂದ ಕರಿಯಲ್ಲಿ ಹೆಚ್ಚು. ಇದನ್ನು ಅವರು ನನಗೆ ತೋರಿಸಿದ್ದು ತಮ್ಮ ಮನೆಯ ಕಾವಲಿಯ ಮೇಲೆ, ದೋಸೆ ಕಣ್ಣು ಬಿಡುವಾಗ.

ಇನ್ನು ತುಂಡಿನ ವಿಷಯ. ನಮ್ಮ ರೈಲು ಹೊರಡುವುದೇ ಮಾರಿಕುಪ್ಪಂನಿಂದ. ಆಗ ಬೋಗಿ ಖಾಲಿ. ಬಂಗಾರಪೇಟೆಯಲ್ಲಿ ಹತ್ತುವ ಸ್ನೇಹಿತರಿಗಾಗಿ ನಮ್ಮವರು ಸೀಟಿನ ಮೇಲೆ ಟವೆಲ್ ಹಾಕಿಡುತ್ತಾರೆ. ಟವೆಲಿಗೆ ತಮಿಳಿನಲ್ಲಿ ತುಂಡು. ಕೆ.ಜಿ.ಎಫ್‌ನಲ್ಲಿ ಕನ್ನಡದವರೂ 'ತುಂಡು ಹಾಕು' ಎಂದೇ ಹೇಳುವುದು. ನಾನೂ ಅಕ್ಕನಿಗೆ ಒಂದು ಹಾಕಿಡುತ್ತಿದ್ದೆ. ಒಂದು ದಿನ ಅವರು ರಜೆ ಎಂದು ಹೇಳಿದ್ದನ್ನು ಮರೆತು ಹಾಕಿಬಿಟ್ಟಿದ್ದೆ. ಬಂಗಾರಪೇಟೆ ದಾಟಿದರೂ ಆ ಸೀಟು ಖಾಲಿ. ನಿಂತಿದ್ದ ಒಬ್ಬ ಹಿರಿಯರು ನೋಡಿ ನೋಡಿ ಸಾಕಾಗಿ, "ಆಳ್ ಇಲ್ಲ, ತುಂಡು ಮಟ್ಟುಂ ಉಕ್ಕಾಂದಿರ್ಕು" ಎಂದರು. ಆಳಿಲ್ಲ, ಟವೆಲ್ ಮಾತ್ರ ಕೂತಿದೆ ಎಂದು. ಬೋಗಿಯೆಲ್ಲ ನಕ್ಕಿತು.

ಮರುದಿನ ಇದನ್ನು ಹೇಳಿದಾಗ ಅಕ್ಕ ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತರು. ತ್ಯಾಕಲ್ ಹತ್ತಿರ ತಟ್ಟನೆ ನನ್ನ ಕಡೆ ತಿರುಗಿ, "ನೀರು ಕಣೇ" ಎಂದರು.

"ಏನಕ್ಕ?"

"ಕಲ್ಲೊಳಗಿನ ನೀರು. ಅದು ತುಂಡು. ಅನಿಲ ಬರೋಕೆ ಮುಂಚೇನೇ ಗೋಡೆ ಮೇಲೆ ಕೂತ್ಬಿಟ್ಟಿರುತ್ತೆ. ಸೀಟು ಇದೆ, ಆದ್ರೆ ಕೂರಂಗಿಲ್ಲ."

ಅಂದಿನಿಂದ ಅವರ ಬಾಯಲ್ಲಿ ನೀರಿಗೆ ತುಂಡು ಎಂಬುದೇ ಹೆಸರು. ಇದರಿಂದ ಮುಂದೆ ಏನಾಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಅವರ ಊರಿನಲ್ಲಿ ಅಕ್ಕನನ್ನು ಕರೆಯುತ್ತಿದ್ದುದು ಗ್ಯಾಸಕ್ಕ ಎಂದು. ಅತ್ತೆ ಯಾವಾಗಲೋ ಅಕ್ಕಪಕ್ಕದವರಿಗೆ "ನಮ್ ಸೊಸೆಗೆ ಗ್ಯಾಸ್ ಆಪೀಸ್ನಾಗೆ ಕೆಲ್ಸ" ಎಂದಿದ್ದರಂತೆ. ಊರು ಅದನ್ನು ಸಿಲಿಂಡರ್ ಕೊಡುವ ಏಜೆನ್ಸಿ ಎಂದುಕೊಂಡಿತು. ನಾನು ಹೋಗಿದ್ದ ಒಂದು ಭಾನುವಾರವೇ ಪಕ್ಕದ ಮನೆಯಾಕೆ ಬೇಲಿ ಹತ್ತಿರ ನಿಂತು, "ಗ್ಯಾಸಕ್ಕ, ಬುಕ್ ಮಾಡಿ ವಾರ ಆಯ್ತು ಕಣಕ್ಕ, ಆಪೀಸ್ನಾಗೆ ಒಂದ್ಮಾತು ಯೋಳು" ಎಂದರು. ಅಕ್ಕ ಅವರ ಫೋನ್ ಈಸಿಕೊಂಡು, ಕನ್ನಡಕ ಏರಿಸಿ, ಒತ್ತಬೇಕಾದ ಗುಂಡಿಗಳನ್ನು ಒತ್ತಿ, "ನಾಳೆ ಬತ್ತದೆ ಓಗು" ಎಂದು ಕಳಿಸಿದರು.

"ಅಕ್ಕ, ನೀವು ನಿಜ ಹೇಳಿಬಿಡಬಾರದಾ?" ಎಂದೆ.

"ನಿಜ ಅಲ್ವೇನೇ? ಗ್ಯಾಸ್ ಇದೆಯಾ ಇಲ್ವಾ, ಎಷ್ಟಿದೆ, ಯಾವಾಗ ಈಚೆಗೆ ಬತ್ತದೆ, ಇಷ್ಟೇ ತಾನೆ ಅಲ್ಲೂ ನಾನು ಮಾಡೋದು?"

ಆದರೆ ತಮ್ಮ ಅಂಕಿಗಳ ವಿಷಯದಲ್ಲಿ ಅವರು ಇಷ್ಟು ಹಗುರವಾಗಿರಲಿಲ್ಲ. ನಿವೃತ್ತಿಗೆ ಒಂದು ವರ್ಷ ಇದ್ದಾಗ ಅವರನ್ನು ಒಂದು ಅನುಮಾನ ಹಿಡಿಯಿತು. ಅಳೆಯುವ ಮುಂಚೆ ಕಲ್ಲನ್ನು ಓವನ್ನಿನಲ್ಲಿ ಒಣಗಿಸುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಬೇರೆ ಕಡೆಯೂ ಬಹಳ ಜನ ಹಾಗೇ ಮಾಡುತ್ತಿದ್ದರು. ಒಣಗಿಸಿದರೆ ಎಲ್ಲ ಕಲ್ಲುಗಳನ್ನೂ ಒಂದೇ ಸ್ಥಿತಿಯಲ್ಲಿ ಹೋಲಿಸಬಹುದು. ಆದರೆ ಭೂಮಿಯ ಒಳಗೆ ಕಲ್ಲು ಒಣಗಿರುವುದಿಲ್ಲವಲ್ಲ.

"ತುಂಡೆಲ್ಲ ಎತ್ತಿ ಬಿಸಾಕಿ ಸೀಟು ಎಣಿಸ್ತಾ ಇದೀನೇನೋ" ಎಂದರು ಒಂದು ಸಂಜೆ. "ಹಾಗಿದ್ರೆ ಇಷ್ಟು ವರ್ಷ ನಾನು ಸೈನ್ ಹಾಕಿದ್ದೆಲ್ಲ ಜಾಸ್ತಿ ಲೆಕ್ಕ."

"ಎಷ್ಟು ಜಾಸ್ತಿ ಇರಬಹುದು?"

"ಅದೇ ತಿಳೀಬೇಕು. ರಿಟೈರ್ ಆಗೋದ್ರೊಳಗೆ ತಿಳೀಬೇಕು. ಬೇರೆಯೋರು ಕಂಡುಹಿಡಿದು ಹೇಳೋಕೆ ಮುಂಚೆ ನಾನೇ ಹೇಳ್ಬೇಕು."

ಅವರ ದನಿಯಲ್ಲಿ ಭಯ ಇತ್ತೇ? ಇತ್ತು ಎಂದು ಈಗ ಬರೆಯುವುದು ಸುಲಭ. ನನಗೆ ಆಗ ಕಂಡದ್ದು, ಹೊಸ ಪೆಟ್ಟಿಗೆ ಬಿಚ್ಚುವಾಗ ಅವರ ಮುಖದಲ್ಲಿ ಇರುತ್ತಿದ್ದ ಅದೇ ಆತುರ.

ಅವರು ಕೊರೆಯುವವರಿಗೆ ಹೇಳಿ ಹೇಳಿ, ಒಂದು ಬಾವಿಯಿಂದ ಮೂರು ಚೂರುಗಳನ್ನು ಮೇಲೆ ಬಂದ ಕೂಡಲೇ ಮೇಣ ಬಳಿದು ತರಿಸಿಕೊಂಡರು. ಒಳಗಿನ ನೀರು ಒಳಗೇ ಇರಲಿ ಎಂದು. ಅವು ಬಂದ ದಿನ ಎರಡರ ಮೇಣ ತೆಗೆದು, ತೂಕ ನೋಡಿ, ಮೇಜಿನ ಮೇಲೆ ಮುಚ್ಚಿಟ್ಟು, ಮೂರನೆಯದನ್ನು ಪೆಟ್ಟಿಗೆಯಲ್ಲೇ ಬಿಟ್ಟು, ರೈಲಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ದಾರಿಯಲ್ಲಿ ನೆನಪಾಯಿತು: ಸಂಜೆ ಮೇಜಿನ ಮೇಲಿರುವ ಕಲ್ಲನ್ನೆಲ್ಲ ಓವನ್ನಿಗೆ ಇಡುವುದು ಲ್ಯಾಬ್ ಅಟೆಂಡರ್‌ನ ದಿನದ ಕೆಲಸ. ಆತ ಗದಗದ ಕಡೆಯವನು, ಬಹಳ ಅಚ್ಚುಕಟ್ಟಿನ ಮನುಷ್ಯ. ಅಕ್ಕ ರೈಲಿನಿಂದಲೇ ಫೋನ್ ಮಾಡಿ ಹೇಳಿದರು: "ಇವತ್ತು ಬಂದ ಕಲ್ಲಿನ ತುಂಡು ತೆಗೀಬೇಡಪ್ಪ."

ಅವರು ಹೇಳಿದ್ದು, ಕಲ್ಲಿನೊಳಗಿನ ನೀರು ತೆಗೆಯಬೇಡ ಎಂದು. ಅವನು ಆಗಲೇ ಕಲ್ಲುಗಳನ್ನು ಓವನ್ನಿಗೆ ಇಟ್ಟಾಗಿತ್ತು. ಅವನ ಕನ್ನಡದಲ್ಲಿ ತುಂಡು ಎಂದರೆ ಚೂರು. ಓವನ್ನಿನಿಂದ ತೆಗೆಯಬೇಡ ಎಂದು ಹೇಳುತ್ತಿದ್ದಾರೆ ಎಂದುಕೊಂಡು, "ಆತ್ರೀ ಮೇಡಂ, ತೆಗಿಯಂಗಿಲ್ಲ" ಎಂದ. ಮಾತಿಗೆ ತಪ್ಪಲಿಲ್ಲ. ಬೆಳಗ್ಗೆ ಅಕ್ಕ ಹೋದಾಗಲೂ ಎರಡೂ ಓವನ್ನಿನಲ್ಲೇ ಇದ್ದವು.

"ನೀವ ಅಂದ್ರಲ್ರೀ ಮೇಡಂ, ತುಂಡು ತೆಗೀಬ್ಯಾಡ ಅಂತ. ನಾ ಮುಟ್ಟೇ ಇಲ್ರೀ."

ಒಣಗಿದ ಜೇಡಿಗೆ ಮತ್ತೆ ನೀರು ಹಾಕಿದರೆ ಅದು ಮೊದಲಿನ ಜೇಡಿ ಆಗುವುದಿಲ್ಲ. ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ಅಕ್ಕ ಸ್ಟೂಲಿನ ಮೇಲೆ ಕೂತರಂತೆ. ಆಮೇಲೆ ಗಟ್ಟಿಯಾಗಿ ನಕ್ಕರಂತೆ. ಜ್ವರ ಬಿಟ್ಟು ನಾನು ಹೋದಾಗ ಅವನು ಚಹಾ ತಂದುಕೊಡುತ್ತಿದ್ದ, ಅವರು ಅವನಿಗೆ ಕೆ.ಜಿ.ಎಫ್‌ನ ತಮಿಳು ಕಲಿಸುತ್ತಿದ್ದರು.

"ಬೈಯಬೇಡ ಅವನ್ನ" ಎಂದರು ನನಗೆ. "ಹೋಲಿಸೋಕೆ ಒಣಗಿದ್ದೂ ಬೇಕಲ್ಲ. ಒಂದೇ ಬಾವಿದು, ಒಂದೇ ಆಳದ್ದು. ಮೇಣ ಹಚ್ಚಿದ್ದು ಇನ್ನೊಂದಿದೆ."

ಆ ಒಂದೇ ಒಂದು ಚೂರಿನ ಮೇಲೆ ಎಲ್ಲ ನಿಂತಿತು. ನೀರು ಕಳೆದುಕೊಳ್ಳದಂತೆ ಅದನ್ನು ಪುಡಿ ಮಾಡಬೇಕು. ಉಕ್ಕಿನ ಬಟ್ಟಲಿನಲ್ಲಿ ಮುಚ್ಚಿ, ಮೊದಲು ಯಾವುದಕ್ಕೂ ಅಂಟದ ಹೀಲಿಯಂ ಬಿಟ್ಟು ಖಾಲಿ ಜಾಗ ಎಷ್ಟೆಂದು ನೋಡಬೇಕು. ಹೀಲಿಯಂಗೆ ಅವರು ಸನ್ಯಾಸಿ ಎನ್ನುತ್ತಿದ್ದರು. ಆಮೇಲೆ ಮೀಥೇನ್ ಬಿಟ್ಟು, ಒತ್ತಡ ಎಷ್ಟು ಕುಸಿಯಿತೆಂದು ನೋಡಬೇಕು. ಬಿಟ್ಟ ಅನಿಲದಲ್ಲಿ ಖಾಲಿ ಜಾಗದ ಲೆಕ್ಕಕ್ಕೆ ಸಿಗದೆ ಹೋದದ್ದೇ ಗೋಡೆಗೆ ಅಂಟಿದ ಪಾಲು. ಯಂತ್ರ ಒಮ್ಮೆ ಸೋರಿತು, ಒಮ್ಮೆ ಕರೆಂಟು ಕೈಕೊಟ್ಟಿತು. ಅಷ್ಟರಲ್ಲಿ ಅವರ ನಿವೃತ್ತಿಯ ದಿನ ಬಂದುಬಿಟ್ಟಿತು. ಹಾರ ಕೊರಳಲ್ಲಿರುವಾಗಲೇ ಬಟ್ಟಲಿನ ಮುಚ್ಚಳ ಮುಟ್ಟಿ ನೋಡಿ, "ಅವಸರ ಮಾಡ್ಬೇಡ" ಎಂದು ಹೇಳಿ ಹೋದರು.

ಫಲಿತಾಂಶ ಬಂದಾಗ ನಾನು ಫೋನಿನಲ್ಲಿ ಹೇಳಲಿಲ್ಲ, ಸಂಜೆ ಸ್ಟೇಷನ್ನಿಗೆ ಬನ್ನಿ ಎಂದಷ್ಟೇ ಅಂದೆ. ಸಂಜೆ ಬಂಗಾರಪೇಟೆಯಲ್ಲಿ ಇಳಿದೆ. ಅವರು ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತಿದ್ದರು, ಕಾಲ ಬಳಿ ಖಾಲಿ ಹಾಲಿನ ಕ್ಯಾನು.

"ಅರ್ಧಕ್ಕೆ ಇಳಿದಿದೆ ಅಕ್ಕ."

"ಒಣಗಿದ್ದರ ಅರ್ಧಾನಾ?"

"ಹೂಂ. ಎರಡು ಸಲ ನೋಡಿದೆ."

ಅವರು ಕ್ಯಾನಿನ ಮುಚ್ಚಳವನ್ನು ತಿರುಗಿಸಿ ತೆಗೆದರು, ಮತ್ತೆ ಹಾಕಿದರು. "ಅಂದ್ರೆ ತುಂಡು ಎತ್ತಾಕೇ ಎಣಿಸಿದೀನಿ" ಎಂದರು. ಆಮೇಲೆ ನನ್ನ ಕೈ ಹಿಡಿದು ಕೇಳಿದರು: "ಆ ನೀರು ಯಾವುದರ ಮೇಲೆ ಕೂತಿತ್ತು? ಜೇಡಿ ಮೇಲೋ, ಕರಿ ಮೇಲೋ?"

"ಅದನ್ನ ಬೇರೆ ಮಾಡಿ ನೋಡಿಲ್ಲ ಅಕ್ಕ."

"ಜೇಡಿಗೆ ನೀರು ಅಂದ್ರೆ ಪ್ರಾಣ. ಕರಿಗೆ ಅಷ್ಟು ಆಗಿ ಬರಲ್ಲ. ಈ ಕಲ್ಲಲ್ಲಿ ಜೇಡಿ ಜಾಸ್ತಿ. ಕರಿ ಜಾಸ್ತಿ ಇರೋ ಕಲ್ಲಾದ್ರೆ ಇಷ್ಟು ಇಳೀತಿತ್ತಾ? ಅದನ್ನ ನೋಡದೆ ನಂದೆಲ್ಲ ತಪ್ಪು ಅನ್ನೋದೂ ಒಂದು ತಪ್ಪು ಲೆಕ್ಕಾನೇ."

ಆದರೂ ಮರುವಾರ ಅವರು ಲ್ಯಾಬಿಗೆ ಬಂದು, ಹಳೆಯ ವರದಿಗಳನ್ನು ಪಡೆದವರಿಗೆಲ್ಲ ಇದನ್ನು ತಿಳಿಸಬೇಕೆಂದು ಮುಖ್ಯಸ್ಥರನ್ನು ಕೇಳಿದರು. ಮುಖ್ಯಸ್ಥರು ಯೋಚಿಸಿ, "ಒಂದು ಚೂರಿನ ಮೇಲೆ ಎಲ್ಲವನ್ನೂ ತಿದ್ದೋಕಾಗುತ್ತಾ ಮೇಡಂ? ನೀವೇ ಒಪ್ತೀರಾ?" ಎಂದರು. ಅಕ್ಕ ಒಪ್ಪಲಿಲ್ಲ ಎಂದು ನಾನು ಕೆಲವರಿಗೆ ಹೇಳಿದ್ದುಂಟು. ಕಥೆ ಹಾಗೆ ಚೆನ್ನಾಗಿರುತ್ತದೆ. ನಿಜವಾಗಿ ಅವರು, "ಒಂದು ಸಾಲದು, ಸರಿ. ಹಾಗಾದ್ರೆ ಇನ್ನಷ್ಟು ತರಿಸಿ" ಎಂದರು. ಮುಖ್ಯಸ್ಥರೂ ತರಿಸಲು ಬರೆದರು. ಬೇರೆ ಬೇರೆ ಬಾವಿಗಳವು, ಜೇಡಿ ಹೆಚ್ಚಿನವು, ಕರಿ ಹೆಚ್ಚಿನವು, ಎಲ್ಲಕ್ಕೂ ಮೇಣ ಹಚ್ಚಿ.

ಅವು ಬರುವುದು ತಡವಾಯಿತು. ನಾನು ಬಂಗಾರಪೇಟೆ ದಾಟುವಾಗ ಅಕ್ಕನಿಂದ ಫೋನ್ ಬರುತ್ತಿತ್ತು: "ಬಂತೇನೇ?" ಇಲ್ಲ ಎಂದರೆ ಇಟ್ಟುಬಿಡುತ್ತಿದ್ದರು. ಕೊನೆಕೊನೆಗೆ ಮಾತಿನಲ್ಲಿ ಉಸಿರು ಸಾಲದಂತೆ ಕೇಳುತ್ತಿತ್ತು. ಪೆಟ್ಟಿಗೆ ಬಂದಿದೆ ಎಂದು ಹೇಳಿದ ದಿನ, "ನಿಧಾನಕ್ಕೆ ನೋಡು, ನಾನೆಲ್ಲೂ ಓಗಲ್ಲ" ಎಂದರು. ಹೃದಯದ ತೊಂದರೆ ಎಂದು ಆಮೇಲೆ ತಿಳಿಯಿತು. ಅಳತೆ ಅರ್ಧ ಆಗಿದ್ದಾಗ ಸುದ್ದಿ ಬಂತು.

ನಿನ್ನೆ ಕೊನೆಯ ಚೂರೂ ಮುಗಿಯಿತು. ಇವತ್ತು ಬಂಗಾರಪೇಟೆಯಲ್ಲಿ ಇಳಿದು ಬೇತಮಂಗಲದ ಬಸ್ ಹತ್ತಿದೆ. ಅವರ ಮನೆಗೆ ಬೀಗ. ಗಂಡ ಹುಲ್ಲು ತರಲು ಹೋಗಿದ್ದರು. ಹಸು ನನ್ನನ್ನು ನೋಡಿ ಮುಖ ತಿರುಗಿಸಿತು. ಬೇಲಿಯಾಚೆಯಿಂದ ಅದೇ ಪಕ್ಕದ ಮನೆಯಾಕೆ ಬಂದರು.

"ಗ್ಯಾಸ್ ಆಪೀಸ್ನಿಂದ ಬಂದ್ರಾ?"

"ಹೌದು" ಎಂದೆ.

"ಅಕ್ಕ ಯೋಳ್ತಿದ್ರು, ಮಾರಿಕುಪ್ಪಂ ಉಡುಗಿ ಅಂತ. ಯಾವ್ದೋ ತುಂಡು ಬರ್ಬೇಕು, ಬಂದ್ರೆ ಗೊತ್ತಾಯ್ತದೆ ಅಂತಿದ್ರು ಕಣಮ್ಮ. ನಾನು ರವಿಕೆ ತುಂಡೇನೋ ಅನ್ಕಂಡಿದ್ದೆ. ಕಲ್ಲಂತಲ್ಲ. ಬಂತಾ?"

"ಬಂತು."

"ಏನಂತೆ?"

ಜಗಲಿಯ ಮೇಲೆ ಕೂತು ಹೇಳಿದೆ. ರೈಲು, ಸೀಟು, ತುಂಡು. ಆಕೆ ಕೆನ್ನೆಗೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು.

"ಅಂಗಾದ್ರೆ ಅಕ್ಕ ಅಳ್ದಿದ್ದು ತಪ್ಪಾ?"

"ಅರ್ಧ ತಪ್ಪು, ಅರ್ಧ ಸರಿ."

"ಯಾವರ್ಧ?"

ನಾನು ಆಕೆಯ ಮುಖ ನೋಡಿದೆ. ಬೆಂಚಿನ ಮೇಲೆ ಅಕ್ಕ ಕೇಳಿದ್ದೂ ಇದನ್ನೇ.

"ಜೇಡಿ ಜಾಸ್ತಿ ಇದ್ದ ಕಲ್ಲಲ್ಲಿ ತಪ್ಪು, ಲೆಕ್ಕ ಬಹಳ ಇಳಿದುಹೋಯ್ತು. ಕರಿ ಜಾಸ್ತಿ ಇದ್ದ ಕಲ್ಲಲ್ಲಿ ನೀರು ಅಷ್ಟು ಜಾಗ ಹಿಡಿದಿರಲಿಲ್ಲ. ಅಲ್ಲಿ ಅಕ್ಕ ಹೇಳಿದ್ದು ಸುಮಾರು ಸರೀನೇ. ಹಳೇ ಲೆಕ್ಕ ಇಸ್ಕೊಂಡೋರಿಗೆಲ್ಲ ಈಗ ಕಾಗದ ಹೋಗುತ್ತೆ, ಅಕ್ಕನ ಹೆಸರಲ್ಲೇ."

"ಇದ್ದಿದ್ರೆ ಕುಸಿ ಪಡ್ತಿದ್ರು" ಎಂದು ಆಕೆ ಎದ್ದರು. ತಮ್ಮ ಮನೆಯೊಳಗೆ ಹೋಗಿ ಬಂದಾಗ ಕೈಯಲ್ಲಿ ಫೋನ್ ಇತ್ತು. "ಬಂದಿದೀರಲ್ಲ, ನಮ್ದೊಂದು ಸಿಲಿಂಡ್ರು ಬುಕ್ ಮಾಡ್ಕೊಟ್ಟು ಓಗಿ. ಅಕ್ಕ ಓದ್ಮೇಲೆ ಯಾರೂ ಮಾಡ್ಕೊಟ್ಟಿಲ್ಲ."

ಮಾಡಿಕೊಟ್ಟೆ. ನಾಳೆ ಬರುತ್ತದೆ ಎಂದೆ. ನಾಳೆಯೇ ಬರುತ್ತದೆಯೋ ಏನೋ, ನನಗೇನು ಗೊತ್ತು.

ಆಕೆ 'ಯಾವರ್ಧ' ಎಂದೇ ಕೇಳಿದ್ದೇ? ಹೌದು, ಹಾಗೇ ಕೇಳಿದರು. ಮಾರಿಕುಪ್ಪಂಗೆ ವಾಪಸಾಗುವ ರೈಲಿನಲ್ಲಿ, ಮಡಿಲ ಮೇಲೆ ಡೈರಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ನೆನಪು ಒಣಗುವ ಮುಂಚೆ.